ರಾತ್ರಿ ಟ್ಯಾಂಕಿನೊಳಗೆ ಟಕ್ ಟಕ್: ಆ ಸೀಗಡಿಯನ್ನು ಹೊರಗೆ ತೆಗೆಯುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಬಳ್ಳಾರಿ. ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಝೋವಾ, ಮಶ್ರೂಮ್ ಎಂಬ ಹವಳದಂಥ ಮೆತ್ತನೆ ಜೀವಿಗಳು, ಎರಡು ಕ್ಲೌನ್ ಮೀನು, ಕೆಲವು ಬಸವನಹುಳು ಇವೆ. ಹೊಸ ಲೈವ್ ರಾಕ್ (ಜೀವಿಗಳು ಸೇರಿಕೊಂಡಿರುವ ಸಮುದ್ರದ ಕಲ್ಲು) ಹಾಕಿದ ಮೇಲೆ ರಾತ್ರಿ ಟಕ್ ಟಕ್ ಶಬ್ದ ಬರುತ್ತಿದೆ. ಬೆಳಿಗ್ಗೆ ನೋಡಿದರೆ ಬಸವನಹುಳುವಿನ ಚಿಪ್ಪು ಒಡೆದು ಬಿದ್ದಿರುತ್ತದೆ. ಅಂಗಡಿಯವರು ತಾಮ್ರದ ಔಷಧ ಹಾಕಿ ಅಂತಾರೆ, ಗೆಳೆಯರು ಕಲ್ಲು ಕುದಿಸಿ ಅಂತಾರೆ. ಏನು ಮಾಡಲಿ?

ಉತ್ತರ: ಆ ಶಬ್ದ ಕಲ್ಲಿನೊಳಗೆ ಅಡಗಿ ಬಂದ ಸೀಗಡಿಯದೇ ಇರಬೇಕು. ಆದರೆ ದಯವಿಟ್ಟು ಎರಡೂ ಬೇಡ. ತಾಮ್ರ ಸೀಗಡಿಯ ಜೊತೆಗೆ ಬಸವನಹುಳು, ಝೋವಾ, ಮಶ್ರೂಮ್ ಎಲ್ಲವನ್ನೂ ಕೊಲ್ಲುತ್ತದೆ. ಕಲ್ಲು ಅದನ್ನು ಹೀರಿಕೊಂಡು ಮುಂದೆ ತುಂಬಾ ದಿನ ನೀರಿಗೆ ಬಿಡುತ್ತಲೇ ಇರುತ್ತದೆ. ಕುದಿಸುವುದಂತೂ ಮನೆಯವರ ಜೀವಕ್ಕೇ ಅಪಾಯ. ಝೋವಾಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರೀ ವಿಷ ಇರಬಹುದು, ಕುದಿಸಿದಾಗ ಅದು ಆವಿಯ ಜೊತೆ ಗಾಳಿಗೆ ಸೇರುತ್ತದೆ, ಹೀಗಾಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ನಡೆದಿವೆ.

ಮೊದಲು ಒಳಗಿರುವುದು ಯಾರು ಅಂತ ನೋಡಿ. ಶಬ್ದ ಮಾಡುವವರು ಇಬ್ಬರು. ಒಂದು ಪಿಸ್ತೂಲ್ ಸೀಗಡಿ. ಅದರ ಒಂದು ಕೊಂಡಿ ಮಾತ್ರ ಮೈಗೆ ಹೊಂದದಷ್ಟು ದಪ್ಪ. ಅದನ್ನು ಪಟ್ಟನೆ ಮುಚ್ಚಿದಾಗ ಗುಳ್ಳೆ ಎದ್ದು ಒಡೆಯುತ್ತದೆ, ಆ ಸದ್ದು ಗಾಜು ಬಿರುಕು ಬಿಟ್ಟ ಹಾಗೆ ಕೇಳುತ್ತದೆ. ಸಾಮಾನ್ಯವಾಗಿ ಇದರಿಂದ ದೊಡ್ಡ ಕಾಟ ಇಲ್ಲ, ಕೆಲವು ಗೋಬಿ ಮೀನುಗಳು ಇದರ ಬಿಲದಲ್ಲೇ ಸಂಸಾರ ಮಾಡುತ್ತವೆ. ಇನ್ನೊಂದು ಮ್ಯಾಂಟಿಸ್ ಸೀಗಡಿ. ನಮ್ಮ ಹೊಲದ ಸೂರ್ಯನ ಕುದುರೆಯ ಹಾಗೆ ಮುಂಗಾಲು ಮಡಚಿಕೊಂಡು ಕೂರುತ್ತದೆ, ಕಡ್ಡಿಯ ತುದಿಯಲ್ಲಿರುವ ಕಣ್ಣುಗಳು ಒಂದೊಂದೂ ಒಂದೊಂದು ಕಡೆ ತಿರುಗುತ್ತವೆ. ನಿಮ್ಮ ಚಿಪ್ಪುಗಳು ಒಡೆದಿವೆ ಅಂದಮೇಲೆ ನನ್ನ ಅನುಮಾನ ಇದರ ಮೇಲೇ. ಚಿಪ್ಪು ಒಡೆಯುವ ಜಾತಿಯದು ಕಲ್ಲಿನ ದುಂಡು ತೂತಿನಲ್ಲಿ ವಾಸ ಮಾಡುತ್ತದೆ, ತಿಂದು ಬಿಟ್ಟ ಚೂರುಗಳು ಬಾಗಿಲ ಮುಂದೆಯೇ ಬಿದ್ದಿರುತ್ತವೆ. ಲೈಟ್ ಆರಿಸಿ ಒಂದು ಗಂಟೆ ಬಿಟ್ಟು, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಆ ಚೂರುಗಳ ಹತ್ತಿರ ಸುಮ್ನೆ ಕಾದು ಕೂತರೆ ತೂತು ಸಿಗುತ್ತದೆ.

ತೂತು ಗೊತ್ತಾಯಿತಾ? ಅರ್ಧ ಕೆಲಸ ಮುಗಿಯಿತು. ಒಂದು ಬಕೆಟ್ಟಿಗೆ ಟ್ಯಾಂಕಿನದೇ ನೀರು ಹಾಕಿ, ಗಾಳಿ ಪಂಪಿನ ಕೊಳವೆ ಬಿಡಿ. ದಪ್ಪ ಗ್ಲೌಸ್ ಮತ್ತು ಕನ್ನಡಕ ಹಾಕಿಕೊಳ್ಳಿ. ಆ ಒಂದು ಕಲ್ಲನ್ನು ಮಾತ್ರ ಎತ್ತಿ ತೂತು ಕೆಳಮುಖವಾಗಿರುವಂತೆ ಬಕೆಟ್ಟಿನ ಮೇಲೆ ಹಿಡಿಯಿರಿ. ನೀರು ಸೋರಿದಂತೆ ಕೆಲವು ತಾವಾಗಿಯೇ ಕೆಳಗೆ ಬೀಳುತ್ತವೆ. ಬೀಳದಿದ್ದರೆ ಸೂಜಿ ತೆಗೆದ ಸಿರಿಂಜಿನಲ್ಲಿ ಸಾದಾ ಸೋಡಾ, ಅಂದರೆ ಸಕ್ಕರೆ, ನಿಂಬೆ, ಉಪ್ಪು ಏನೂ ಇಲ್ಲದ್ದು, ತೂತಿನೊಳಗೆ ಬಿಡಿ. ಉಸಿರು ಕಟ್ಟಿ ಹೊರಗೆ ಜಿಗಿಯುತ್ತದೆ. ಟ್ಯಾಂಕಿನ ಒಳಗೆ ಮಾತ್ರ ಇದನ್ನು ಮಾಡಬೇಡಿ, ಸೋಡಾ ಮುಟ್ಟಿದ ಝೋವಾ ಮುದುಡಿಕೊಳ್ಳುತ್ತದೆ. ಕೆಲಸ ಆದಮೇಲೆ ಕಲ್ಲನ್ನು ಬೇರೆ ಉಪ್ಪುನೀರಿನಲ್ಲಿ ಜಾಲಾಡಿಸಿ ವಾಪಸ್ ಇಡಿ. ಬರಿಗೈಯಲ್ಲಿ ಆ ಸೀಗಡಿಯನ್ನು ಮುಟ್ಟಲೇಬೇಡಿ, ಬೆರಳು ಸೀಳುವಷ್ಟು ಜೋರಾಗಿ ಹೊಡೆಯುತ್ತದೆ.

ಇದನ್ನು ಬೆಳಿಗ್ಗೆ ಬೇಗ ಮಾಡಿ. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಬಕೆಟ್ ನೀರು ಕಾಯಲು ಹೊತ್ತು ಬೇಕಾಗಿಲ್ಲ.

ಕಲ್ಲು ಎತ್ತಲು ಆಗದಿದ್ದರೆ ಬಾಟಲಿ ಬಲೆ ಇಡಿ. ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ತಿರುಗಿಸಿ ಒಳಕ್ಕೆ ತುರುಕಿ, ಒಳಗೆ ಸೀಗಡಿ ಮಾಂಸದ ಚೂರು ಇಟ್ಟು ರಾತ್ರಿ ತೂತಿನ ಮುಂದೆ ಮಲಗಿಸಿ. ಸಿಗಬಹುದು, ಆದರೆ ಮ್ಯಾಂಟಿಸ್ ಬಲು ಚಾಲಾಕು, ಹಾಗಾಗಿ ನನ್ನ ಓಟು ಕಲ್ಲು ಎತ್ತುವುದಕ್ಕೇ.

ಹಿಡಿದ ಮೇಲೆ ಕೊಲ್ಲಬೇಡಿ. ಅದಕ್ಕೂ ಒಂದು ಚಿಕ್ಕ ಟ್ಯಾಂಕ್ ಮಾಡಿಕೊಟ್ಟರೆ ಅದ್ಭುತವಾದ ಜೀವಿ, ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಸಾಕಲು ಆಗದಿದ್ದರೆ ಸಾಕುವವರಿಗೆ ಕೊಡಿ. ತುಂಗಭದ್ರಾ ಕಾಲುವೆಗೆ ಮಾತ್ರ ಬಿಡಬೇಡಿ, ಸಿಹಿನೀರಿನಲ್ಲಿ ಒದ್ದಾಡಿ ಸಾಯುತ್ತದೆ.

ಮುಂದೆ ಕಲ್ಲು ಬೇಕಾದರೆ ಮನುಷ್ಯರು ಮಾಡಿದ ಒಣ ಕಲ್ಲು ತಗೊಳ್ಳಿ, ಅದರಲ್ಲಿ ಯಾರೂ ಅಡಗಿರುವುದಿಲ್ಲ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ, ಸಮುದ್ರದಿಂದ ಕಿತ್ತು ತಂದ ಕಲ್ಲಿನ ಸಹವಾಸವೇ ಬೇಡ.

ಹೊಸ ಬಸವನಹುಳುಗಳನ್ನು ಈಗಲೇ ತರಬೇಡಿ. ಒಂದೇ ಕಲ್ಲಿನಲ್ಲಿ ಎರಡು ಮ್ಯಾಂಟಿಸ್ ಇರುವುದೂ ಉಂಟು. ಎರಡು ವಾರ ರಾತ್ರಿ ಕಿವಿಗೊಟ್ಟು ಕೇಳಿ, ಶಬ್ದ ಇಲ್ಲ ಅಂದರೆ ಮೊದಲು ಒಂದೆರಡನ್ನು ಮಾತ್ರ ಬಿಟ್ಟು ನೋಡಿ.