ಉತ್ತರಾಖಂಡದ ಚಮೋಲಿ ಜಿಲ್ಲೆ ಯಾವಾಗ ಹುಟ್ಟಿತು? ಅಲ್ಲಿ ಪದೇ ಪದೇ ಪ್ರವಾಹ ಬರುವುದೇಕೆ?

ಜಿಲ್ಲೆಯಾಗಿದ್ದು 1960ರಲ್ಲಿ. ಅಲ್ಲಿಯವರೆಗೆ ಅದು ಗಢವಾಲ್ ಜಿಲ್ಲೆಯ ಭಾಗ. ಟಿಬೆಟ್ ಗಡಿಯ ಮೇಲೆ ನಿಗಾ ಬೇಕಿತ್ತು, ಹಾಗಾಗಿ ಪಿಥೋರಾಗಢ, ಉತ್ತರಕಾಶಿಗಳ ಜೊತೆಗೇ ಇದನ್ನೂ ಬೇರೆ ಮಾಡಿದರು. ಬದರಿನಾಥ, 7816 ಮೀಟರ್ ಎತ್ತರದ ನಂದಾದೇವಿ ಎರಡೂ ಇಲ್ಲೇ ಇವೆ.

ಪ್ರವಾಹಕ್ಕೆ ಮಳೆಯೊಂದೇ ಕಾರಣವಲ್ಲ. ಹಿಮಾಲಯ ಇನ್ನೂ ಬೆಳೆಯುತ್ತಿರುವ ಪರ್ವತ. ಬಂಡೆ ಸಡಿಲ, ಕಣಿವೆ ಇಕ್ಕಟ್ಟು. ಗುಡ್ಡ ಜರಿದರೆ ನದಿಗೇ ಅಡ್ಡಗಟ್ಟೆ ಬಿದ್ದ ಹಾಗೆ. 1893ರಲ್ಲಿ ಆಗಿದ್ದು ಅದೇ. ಬಿರಹಿ ಗಂಗಾಕ್ಕೆ ಗುಡ್ಡ ಬಿದ್ದು ಗೋಹ್ನಾ ಎಂಬ ದೊಡ್ಡ ಕೆರೆ ನಿಂತಿತು. ಇದು ಒಡೆದೇ ಒಡೆಯುತ್ತದೆ ಎಂದು ಎಂಜಿನಿಯರ್‌ಗಳು ಲೆಕ್ಕ ಹಾಕಿದರು. ಟೆಲಿಗ್ರಾಫ್ ತಂತಿ ಎಳೆಸಿ ಕೆಳಗಿನ ಊರುಗಳನ್ನು ಮೊದಲೇ ಖಾಲಿ ಮಾಡಿಸಿದರು. 1894ರ ಆಗಸ್ಟ್‌ನಲ್ಲಿ ಕಟ್ಟೆ ಒಡೆದು ಗಢವಾಲಿನ ಶ್ರೀನಗರ ಪಟ್ಟಣವೇ ಕೊಚ್ಚಿಹೋಯಿತು. ಆದರೂ ಸಾವು ತೀರಾ ಕಡಿಮೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ ಅಲ್ವಾ? ಉಳಿದ ಕೆರೆ 1970ರ ಪ್ರವಾಹದಲ್ಲಿ ಹೋಯಿತು.

ಬೋಳಾದ ಇಳಿಜಾರಿನಲ್ಲಿ ಕುಸಿತ ಇನ್ನೂ ಜಾಸ್ತಿ. ಪ್ರವಾಹ ಕಂಡಿದ್ದ ಜನಕ್ಕೆ ಇದು ಗೊತ್ತಿತ್ತು. 1974ರಲ್ಲಿ ರೈಣಿ ಹಳ್ಳಿಯ ಗೌರಾದೇವಿ ಮತ್ತು ಇತರ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದು ನಿಂತರು. 2021ರ ಫೆಬ್ರವರಿಯಲ್ಲಿ, ಮಳೆಗಾಲವೇ ಅಲ್ಲದಾಗ, ಬಂಡೆ ಮತ್ತು ಹಿಮ ಕುಸಿದು ಋಷಿಗಂಗಾ ಉಕ್ಕಿದ್ದು ಅದೇ ರೈಣಿಯ ಬಳಿ.