ಚರ್ಮದ ಸೂಕ್ಷ್ಮಜೀವಿಗಳ ಡ್ಯಾಶ್‌ಬೋರ್ಡ್: ಮೊದಲು ಮೈಯ ಚಿತ್ರ ಹಾಕಿ

ಇಪ್ಪತ್ತು ಜನರ ಚರ್ಮದ ಸ್ವಾಬ್‌ಗಳಿಂದ (ಚರ್ಮಕ್ಕೆ ಒರೆಸಿದ ಹತ್ತಿಕಡ್ಡಿ) ಬಂದ 16ಎಸ್ ಡೇಟಾ (16ಎಸ್ ಅನ್ನೋ ಜೀನ್ ಓದಿ ಯಾವ ಯಾವ ಬ್ಯಾಕ್ಟೀರಿಯಾ ಇವೆ ಅಂತ ತಿಳಿಯೋ ಡೇಟಾ) ಇದೆ, ಅದನ್ನು ಬ್ರೌಸರ್‌ನಲ್ಲೇ ಕ್ಲಿಕ್ ಮಾಡಿ ನೋಡೋ ಹಾಗೆ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ಒಂದು ಲ್ಯಾಬ್‌ಗೆ ನಾನೂ ಇಂಥದ್ದೇ ಒಂದನ್ನು ಮಾಡಿಕೊಟ್ಟಿದ್ದೆ.

ನಾನು ಮೊದಲು ಒಬ್ಬೊಬ್ಬರಿಗೆ, ಬ್ಯಾಕ್ಟೀರಿಯಾಗಳ ಪಾಲು ತೋರಿಸೋ ಒಂದೊಂದು ಬಾರ್ ಹಾಕಿದ್ದೆ. ಚರ್ಮರೋಗದ ಡಾಕ್ಟರ್ ಒಬ್ಬರು ನೋಡಿ, "ಇದರಲ್ಲಿ ಹಣೆ ಯಾವುದು, ಮೊಣಕೈ ಮಡಿಕೆ ಯಾವುದು?" ಅಂತ ಕೇಳಿದರು. ಅವರ ಪ್ರಶ್ನೆಯೇ ಸರಿ. ಚರ್ಮ ಎಲ್ಲ ಕಡೆ ಒಂದೇ ಥರ ಇರಲ್ಲ. ಎಣ್ಣೆ ಜಾಸ್ತಿ ಇರೋ ಹಣೆ, ಬೆನ್ನಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯಾ ಹೆಚ್ಚು. ಬೆವರಿ ಒದ್ದೆಯಾಗೋ ಮಡಿಕೆಗಳಲ್ಲಿ ಸ್ಟ್ಯಾಫಿಲೊಕಾಕಸ್, ಕೊರಿನೆಬ್ಯಾಕ್ಟೀರಿಯಂ. ಒಣಗಿದ ಮುಂಗೈಯಲ್ಲಿ ಬಗೆಬಗೆಯವು. 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ 10 ಆರೋಗ್ಯವಂತರ ಮೈಯ 20 ಜಾಗಗಳನ್ನು ನೋಡಿದ್ದರು. ಅಲ್ಲೂ ಎದ್ದು ಕಂಡಿದ್ದು ಜಾಗದ ವ್ಯತ್ಯಾಸವೇ.

ಅದಕ್ಕೇ ಮೊದಲ ಪುಟದಲ್ಲಿ ಮನುಷ್ಯನ ಮೈಯ ರೇಖಾಚಿತ್ರ ಇರಲಿ. ಪ್ಲಾಟ್ಲಿ ಅನ್ನೋ ಚಾರ್ಟ್ ಲೈಬ್ರರಿಯಲ್ಲಿ ಇದು ಕಷ್ಟ ಇಲ್ಲ: ಚಿತ್ರವನ್ನು ಹಿನ್ನೆಲೆಗೆ ಹಾಕಿ, ಅದರ ಮೇಲೆ ಒಂದೊಂದು ಜಾಗಕ್ಕೆ ಒಂದೊಂದು ಚುಕ್ಕೆ ಇಡಿ. ಚುಕ್ಕೆ ಒತ್ತಿದರೆ ಪಕ್ಕದ ಬಾರ್‌ಗಳು ಬದಲಾಗಬೇಕು. ಆರ್ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದರೆ ಶೈನಿ (ವೆಬ್ ಪುಟ ಮಾಡೋದಕ್ಕೆ) ಮತ್ತು ಫೈಲೊಸೆಕ್ (ಸೂಕ್ಷ್ಮಜೀವಿಗಳ ಡೇಟಾಗೆ), ಪೈಥಾನ್ ಗೊತ್ತಿದ್ದರೆ ವೆಬ್ ಪುಟಕ್ಕೆ ಡ್ಯಾಶ್. ಎರಡೂ ಚೆನ್ನಾಗಿವೆ, ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬ್ರೇ-ಕರ್ಟಿಸ್ ದೂರದಂಥ (ಎರಡು ಸ್ಯಾಂಪಲ್‌ಗಳು ಎಷ್ಟು ಬೇರೆ ಅಂತ ಹೇಳೋ ಅಳತೆ) ಲೆಕ್ಕಗಳನ್ನು ಮಾತ್ರ ಮೊದಲೇ ಮಾಡಿ ಫೈಲಿನಲ್ಲಿಡಿ. ಪ್ರತಿ ಕ್ಲಿಕ್‌ಗೂ ಲೆಕ್ಕ ಹಾಕುತ್ತಾ ಕೂತರೆ ನೋಡೋರು ಎದ್ದು ಹೋಗುತ್ತಾರೆ.

ಇನ್ನು ಶೇಕಡಾ ಲೆಕ್ಕ. ಇದರಲ್ಲಿ ತುಂಬಾ ಹುಷಾರಾಗಿರಿ. ಒಂದು ಜಾಗದಲ್ಲಿ ಒಂದು ಬ್ಯಾಕ್ಟೀರಿಯಾ 60, ಇನ್ನೊಂದು 40 ಇವೆ ಅಂದುಕೊಳ್ಳಿ. ಮೊದಲನೆಯದು ಬೆಳೆದು 120 ಆಯಿತು, ಎರಡನೆಯದು 40ರಲ್ಲೇ ಇದೆ. ಆದರೂ ಬಾರ್‌ನಲ್ಲಿ ಎರಡನೆಯದರ ಪಾಲು ಶೇ. 40ರಿಂದ 25ಕ್ಕೆ ಇಳಿಯುತ್ತೆ. ನೋಡಿದವರು "ಇದು ಸಾಯ್ತಾ ಇದೆ" ಅಂತ ತಿಳಿದುಕೊಳ್ಳುತ್ತಾರೆ, ಅಲ್ವಾ? ಹಾಗಾಗಿ ಬಾರ್ ಕೆಳಗೇ "ಇದು ಪಾಲು ಮಾತ್ರ, ಒಟ್ಟು ಸಂಖ್ಯೆ ಅಲ್ಲ" ಅಂತ ಕಾಣೋ ಹಾಗೆ ಬರೆಯಿರಿ. ಮೌಸ್ ಇಟ್ಟಾಗ ಆ ಸ್ಯಾಂಪಲ್‌ನಲ್ಲಿ ಎಷ್ಟು ರೀಡ್ಸ್ (ಓದಿದ ಡಿಎನ್‌ಎ ತುಣುಕುಗಳು) ಸಿಕ್ಕಿವೆ ಅನ್ನೋದೂ ಕಾಣಲಿ.

ಹೆಸರುಗಳನ್ನೂ ಒಮ್ಮೆ ನೋಡಿಕೊಳ್ಳಿ. ಮೊಡವೆಯ ಜೊತೆ ಕೇಳಿಬರೋ ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್‌ಗೆ 2016ರಲ್ಲಿ ಕ್ಯುಟಿಬ್ಯಾಕ್ಟೀರಿಯಂ ಅನ್ನೋ ಹೊಸ ಕುಲದ ಹೆಸರು ಬಂತು. ಹಳೇ ಡೇಟಾ ಸೇರಿಸಿದಾಗ ಒಂದೇ ಜೀವಿ ಎರಡು ಬಣ್ಣದಲ್ಲಿ ಬಂದುಬಿಡುತ್ತೆ. ಇನ್ನೊಂದು, 16ಎಸ್ ಜೀನ್‌ನ ವಿ4 ಅನ್ನೋ ಭಾಗ ಓದಿದ ಡೇಟಾದಲ್ಲಿ ಇದೇ ಜೀವಿ ಇರೋದಕ್ಕಿಂತ ಕಡಿಮೆ ಕಾಣಬಹುದು. ಚರ್ಮಕ್ಕೆ ವಿ1ರಿಂದ ವಿ3ರವರೆಗಿನ ಭಾಗ ಒಳ್ಳೇದು. ಎರಡು ಥರದ ಡೇಟಾ ಪಕ್ಕಪಕ್ಕ ಇಟ್ಟರೆ ಯಾವುದು ಯಾವ ಭಾಗದ್ದು ಅಂತ ಚಾರ್ಟ್ ಮೇಲೇ ಹಾಕಿ.

ಕೊನೇದಾಗಿ, ಚರ್ಮ ಮುಟ್ಟಿಸದೆ ತೆಗೆದ ಖಾಲಿ ಸ್ವಾಬ್‌ಗಳ ಫಲಿತಾಂಶವನ್ನು ದಯವಿಟ್ಟು ಬಚ್ಚಿಡಬೇಡಿ. ಚರ್ಮದಿಂದ ಸಿಗೋ ಡಿಎನ್‌ಎ ತೀರಾ ಕಡಿಮೆ, ಡಿಎನ್‌ಎ ತೆಗೆಯೋ ಕಿಟ್‌ನ ದ್ರಾವಣದಲ್ಲಿದ್ದ ಬ್ಯಾಕ್ಟೀರಿಯಾ ಡಿಎನ್‌ಎ ಕೂಡ ಅದರೊಳಗೆ ಸೇರಿಕೊಳ್ಳುತ್ತೆ. ಮೈಯ ಚಿತ್ರದ ಪಕ್ಕದಲ್ಲೇ ಅದಕ್ಕೂ ಒಂದು ಚುಕ್ಕೆ ಕೊಡಿ.

ನಿಮ್ಮ ಸ್ವಾಬ್‌ಗಳು ಮೈಯ ಯಾವ ಯಾವ ಜಾಗದ್ದು ಅಂತ ಇಲ್ಲೇ ಬರೆಯಿರಿ, ಚುಕ್ಕೆಗಳನ್ನು ಹೇಗೆ ಜೋಡಿಸೋದು ಅಂತ ಹೇಳ್ತೀನಿ.