ಕ್ಯಾಲಿಫೋರ್ನಿಯಾದಲ್ಲಿ ಪ್ರಿನಪ್ ಮತ್ತು ಡೈವೋರ್ಸ್: ಮದುವೆಗೆ ಮುಂಚೆ ತಿಳಿದಿರಲಿ

ನೀವು ಕೇಳಿದ್ದು ಎರಡು. ಡಿಸೆಂಬರಿನಲ್ಲಿ ಊರಿಗೆ ಹೋಗಿ ಮದುವೆಯಾಗುವ ಮುಂಚೆ ಪ್ರಿನಪ್ (ಆಸ್ತಿ, ಹಣದ ಬಗ್ಗೆ ಮದುವೆಗೆ ಮುಂಚೆಯೇ ಮಾಡಿಕೊಳ್ಳುವ ಒಪ್ಪಂದ) ಮಾಡಿಸಬೇಕೇ? ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಇಲ್ಲಿಯ ಕಾನೂನು ತಾಗುತ್ತದೆಯೇ?

ಎರಡನೆಯದು ಸುಲಭ: ತಾಗುತ್ತದೆ. ತಾಳಿ ಎಲ್ಲಿ ಕಟ್ಟಿದಿರಿ ಎಂಬುದಲ್ಲ, ಎಲ್ಲಿ ವಾಸವಾಗಿದ್ದೀರಿ ಎಂಬುದನ್ನು ಇಲ್ಲಿಯ ಕೋರ್ಟು ನೋಡುತ್ತದೆ. ದಂಪತಿಗಳಲ್ಲಿ ಒಬ್ಬರು ರಾಜ್ಯದಲ್ಲಿ ಆರು ತಿಂಗಳು, ಅರ್ಜಿ ಹಾಕುವ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದಂತೆ) ಮೂರು ತಿಂಗಳು ಇದ್ದಿದ್ದರೆ ಡೈವೋರ್ಸ್ ಅರ್ಜಿ ಹಾಕಬಹುದು. ತಪ್ಪು ಯಾರದು ಎಂದು ಸಾಬೀತು ಮಾಡುವ ಗೋಜು 1970ರಿಂದಲೇ ಇಲ್ಲ. ಹೊಂದಾಣಿಕೆ ಸಾಧ್ಯವಿಲ್ಲ ಎಂದು ಒಬ್ಬರು ಹೇಳಿದರೂ ಸಾಕು, ಇನ್ನೊಬ್ಬರು ಒಪ್ಪದಿದ್ದರೂ ಅದು ನಿಲ್ಲುವುದಿಲ್ಲ.

ಪ್ರಿನಪ್ ಬೇಕೋ ಬೇಡವೋ ಎಂದು ತೀರ್ಮಾನಿಸಲು, ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದು ಗೊತ್ತಿರಬೇಕು. ಮದುವೆಯಾದ ದಿನದಿಂದ ಬೇರೆಯಾದ ದಿನದವರೆಗೆ ಇಬ್ಬರೂ ದುಡಿದದ್ದು, ಯಾರ ಹೆಸರಿನಲ್ಲಿದ್ದರೂ, ಅರ್ಧರ್ಧ. ಇಲ್ಲಿಯ ಸಂಬಳದಿಂದ ಮೈಸೂರಿನಲ್ಲಿ ಕೊಂಡ ಸೈಟೂ ಅದರಲ್ಲಿ ಸೇರುತ್ತದೆ. ಸಾಲವೂ ಹೆಚ್ಚುಕಮ್ಮಿ ಹಾಗೆಯೇ. ಮದುವೆಗೆ ಮುಂಚಿನ ಆಸ್ತಿ, ನಿಮ್ಮೊಬ್ಬರಿಗೇ ಬಂದ ಉಡುಗೊರೆ, ಪಿತ್ರಾರ್ಜಿತ ಆಸ್ತಿ ಮಾತ್ರ ನಿಮ್ಮ ಸ್ವಂತದ್ದು.

ಕೇಳಲು ನೇರವಾಗಿದೆ, ಆದರೆ ಗೋಜಲಾಗುವುದು ಮನೆ ಮತ್ತು ಷೇರಿನಲ್ಲಿ. ತಂದೆ ಕಳಿಸಿದ 1,00,000 ಡಾಲರನ್ನು ಡೌನ್ ಪೇಮೆಂಟ್ ಮಾಡಿ, ಇಬ್ಬರ ಹೆಸರಿನಲ್ಲೂ ಮನೆ ಕೊಂಡಿರಿ ಎಂದಿಟ್ಟುಕೊಳ್ಳಿ. ಅದು ನಿಮ್ಮೊಬ್ಬರಿಗೇ ಕೊಟ್ಟ ಉಡುಗೊರೆ ಎಂಬುದಕ್ಕೆ ಬ್ಯಾಂಕ್ ದಾಖಲೆ ಇದ್ದರೆ ಆ 1,00,000 ಡಾಲರ್ ವಾಪಸ್ ಬರುತ್ತದೆ, ಆದರೆ ಬಡ್ಡಿ ಇಲ್ಲ, ಬೆಲೆ ಏರಿದ್ದರಲ್ಲಿ ಅದಕ್ಕೆ ಪ್ರತ್ಯೇಕ ಪಾಲೂ ಇಲ್ಲ. ಮನೆ ಬೆಲೆ ದುಪ್ಪಟ್ಟಾಗಿದ್ದರೆ ಲಾಭ ಇಬ್ಬರಿಗೂ ಸಮ. ಹಣವನ್ನು ಮೊದಲು ಜಂಟಿ ಖಾತೆಗೆ ಹಾಕಿ, ಸಂಬಳದ ಜೊತೆ ಬೆರೆಸಿ, ಆಮೇಲೆ ಕಟ್ಟಿದ್ದರೆ ಅದನ್ನು ಬಿಡಿಸಿ ತೋರಿಸುವುದೇ ದೊಡ್ಡ ತಲೆನೋವು. ಸ್ವಂತ ಹಣಕ್ಕೆ ಬೇರೆ ಖಾತೆ ಇಡಿ. ಪ್ರಿನಪ್ ಮಾಡಿಸಿದರೂ ಇದನ್ನು ಮಾಡಿ.

ಮದುವೆಗೆ ಮುಂಚೆ ಸಿಕ್ಕ ಆರ್‌ಎಸ್‌ಯು (ಕಂಪನಿ ಹಂತಹಂತವಾಗಿ ಕೊಡುವ ಷೇರು) ಪೂರ್ತಿ ನಿಮ್ಮದು ಎಂದುಕೊಳ್ಳಬೇಡಿ. ಕೈಗೆ ಬರಲು 48 ತಿಂಗಳು ಹಿಡಿಯುವ ಷೇರಿನಲ್ಲಿ 24 ತಿಂಗಳು ಸಂಸಾರದ ಕಾಲವಾಗಿದ್ದರೆ, ಸುಮಾರಾಗಿ ಅರ್ಧದಷ್ಟು ಜಂಟಿ ಆಸ್ತಿ, ಅದರಲ್ಲಿ ಅರ್ಧ ಪತ್ನಿಯದು. ಲೆಕ್ಕ ಕಂಪನಿಗೆ ಸೇರಿದ ದಿನದಿಂದಲೋ, ಷೇರು ಮಂಜೂರಾದ ದಿನದಿಂದಲೋ ಎಂಬುದು ಅದನ್ನು ಏಕೆ ಕೊಟ್ಟರು ಎಂಬುದರ ಮೇಲೆ ಹೋಗುತ್ತದೆ. ಟೆಕ್ ಕಂಪನಿಯವರಿಗೆ ಪ್ರಿನಪ್‌ನಿಂದ ನಿಜವಾಗಿ ಪ್ರಯೋಜನವಾಗುವುದು ಇಲ್ಲಿ, ಈ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳುವುದರಲ್ಲಿ.

ಇನ್ನು ಪ್ರಿನಪ್. ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್‌ನ ಪತ್ನಿ ಮದುವೆಯ ಹಿಂದಿನ ದಿನ, ತನ್ನದೇ ಲಾಯರ್ ಇಲ್ಲದೆ, ಸಹಿ ಹಾಕಿದ್ದಳು. 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಒಪ್ಪಂದವನ್ನು ಎತ್ತಿಹಿಡಿಯಿತು. ಮಾರನೇ ವರ್ಷವೇ ಶಾಸಕಾಂಗ ಕಾನೂನು ಬಿಗಿ ಮಾಡಿತು. ಈಗಿನ ನಿಯಮದಂತೆ, ಅಂತಿಮ ಕರಡು ಕೈಗೆ ಸಿಕ್ಕ ದಿನಕ್ಕೂ ಸಹಿಗೂ ನಡುವೆ ಕನಿಷ್ಠ ಏಳು ದಿನ ಇರಬೇಕು. ಇಬ್ಬರಿಗೂ ಬೇರೆ ಬೇರೆ ಲಾಯರ್ ಇರಬೇಕು. ಒಬ್ಬರು ಲಾಯರ್ ಬೇಡವೆಂದರೆ ಅದನ್ನು ಪ್ರತ್ಯೇಕ ಪತ್ರದಲ್ಲಿ ಬರೆದುಕೊಡಬೇಕು, ಕಳೆದುಕೊಳ್ಳುತ್ತಿರುವ ಹಕ್ಕುಗಳನ್ನು ಅವರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಲಿಖಿತವಾಗಿ ತಿಳಿಸಿರಬೇಕು. ಆಸ್ತಿ, ಸಾಲ ಎಲ್ಲವನ್ನೂ ಪರಸ್ಪರ ಮುಚ್ಚಿಡದೆ ಪಟ್ಟಿ ಮಾಡಿ ಲಗತ್ತಿಸಿ. ಬಿದ್ದುಹೋಗುವ ಪ್ರಿನಪ್‌ಗಳು ಬೀಳುವುದು ಸಾಮಾನ್ಯವಾಗಿ ಇಂಥ ಕಡೆಯೇ. ಅವಸರದಲ್ಲಿ ಸಹಿ ಹಾಕಿಸಿದ್ದು, ಒಬ್ಬರ ಲಾಯರೇ ಎರಡೂ ಕಡೆ ನೋಡಿಕೊಂಡಿದ್ದು, ಒಂದು ಖಾತೆಯನ್ನು ಪಟ್ಟಿಯಿಂದ ಬಿಟ್ಟಿದ್ದು.

ಅದರಲ್ಲಿ ಏನು ಬರೆದರೂ ನಡೆಯುತ್ತದೆ ಎಂದಲ್ಲ. ಮಕ್ಕಳು ಯಾರ ಬಳಿ ಇರಬೇಕೆಂಬುದನ್ನು ಕೋರ್ಟೇ ಆಗ ನೋಡಿ ತೀರ್ಮಾನಿಸುತ್ತದೆ. ಮಕ್ಕಳ ಪೋಷಣೆಯ ಹಣವನ್ನು ಕಡಿತಗೊಳಿಸುವ ಷರತ್ತು ನಿಲ್ಲದು. ಪರಸಂಗ ಮಾಡಿದರೆ ಇಷ್ಟು ದಂಡ ಎಂಬ ಷರತ್ತನ್ನು ಮೇಲ್ಮನವಿ ಕೋರ್ಟು 2002ರಲ್ಲೇ ಒಪ್ಪಲಿಲ್ಲ. ಜೀವನಾಂಶ ಬೇಡವೆಂದು ಬರೆಸಿಕೊಳ್ಳುವುದಾದರೆ, ಬಿಟ್ಟುಕೊಡುವವರಿಗೆ ಸಹಿ ಹಾಕುವಾಗ ಸ್ವಂತ ಲಾಯರ್ ಇರಲೇಬೇಕು. ಇದ್ದರೂ, ಜಾರಿಯ ಹೊತ್ತಿಗೆ ಅದು ಘೋರ ಅನ್ಯಾಯವೆನಿಸಿದರೆ ಕೋರ್ಟು ತಳ್ಳಿಹಾಕುತ್ತದೆ. ಎಚ್-4 (ಎಚ್-1ಬಿ ಮೇಲೆ ಕೆಲಸ ಮಾಡುವವರ ಸಂಗಾತಿಗೆ ಸಿಗುವ ವೀಸಾ) ಮೇಲೆ ಬಂದು ವರ್ಷಗಟ್ಟಲೆ ಕೆಲಸಕ್ಕೆ ಅನುಮತಿಯೇ ಇಲ್ಲದ ಪತ್ನಿಯ ವಿಷಯದಲ್ಲಿ ಅಂಥ ಷರತ್ತನ್ನು ನಾನಂತೂ ನೆಚ್ಚಿಕೊಳ್ಳುವುದಿಲ್ಲ. ಬರೆಸಿಕೊಳ್ಳುವುದೂ ನ್ಯಾಯವಲ್ಲ ಅನ್ನಿ.

ಕಂಪನಿಯ 401(ಕೆ) (ನಿವೃತ್ತಿ ಉಳಿತಾಯ) ಹಣ ನೀವು ತೀರಿಕೊಂಡರೆ ಪತ್ನಿಗೆ ಹೋಗುತ್ತದೆ. ಬೇರೆಯವರಿಗೆ ಬರೆಯಲು ಒಪ್ಪಿಗೆ ಕೊಡಬಲ್ಲವರು ಪತ್ನಿ ಮಾತ್ರ, ನಿಶ್ಚಿತಾರ್ಥವಾದ ಹುಡುಗಿ ಅಲ್ಲ. ಹಾಗಾಗಿ ಪ್ರಿನಪ್ ಸಾಲದು; ಮದುವೆಯಾದ ಮೇಲೆ ಪ್ಲಾನಿನ ಫಾರಂಗೆ ನೋಟರಿ ಎದುರು ಸಹಿ ಬೇಕು. ಮುಂದೆ ಗ್ರೀನ್ ಕಾರ್ಡಿಗಾಗಿ ನೀವೇ ಐ-864 (ಪತ್ನಿಯ ಪೋಷಣೆಯ ಹೊಣೆ ಹೊರುವ ಮುಚ್ಚಳಿಕೆ) ಬರೆದುಕೊಟ್ಟರೆ, ಬಡತನ ರೇಖೆಯ 125%ರಷ್ಟು ಆದಾಯಕ್ಕೆ ಹೊಣೆಯಾಗುತ್ತೀರಿ. ಡೈವೋರ್ಸಾಗಲಿ ಪ್ರಿನಪ್ಪಾಗಲಿ ಆ ಹೊಣೆ ಕಳಚುವುದಿಲ್ಲವೆಂದು ಒಂಬತ್ತನೇ ಸರ್ಕ್ಯೂಟ್ ಕೋರ್ಟು (ಕ್ಯಾಲಿಫೋರ್ನಿಯಾ ಒಳಗೊಂಡ ಫೆಡರಲ್ ಮೇಲ್ಮನವಿ ಕೋರ್ಟು) 2016ರಲ್ಲಿ ಹೇಳಿದೆ.

ಡೈವೋರ್ಸಿನ ದಾರಿ ಹೀಗೆ: ಎಫ್‌ಎಲ್-100 ಅರ್ಜಿ, ಎಫ್‌ಎಲ್-110 ಸಮನ್ಸ್. ಅದನ್ನು ನೀವೇ ಹೋಗಿ ಕೊಡುವಂತಿಲ್ಲ, 18 ದಾಟಿದ ಬೇರೊಬ್ಬರು ಕೊಡಬೇಕು. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ. ಸಮನ್ಸಿನಲ್ಲೇ ತಡೆಯಾಜ್ಞೆ ಅಚ್ಚಾಗಿರುತ್ತದೆ: ಮಕ್ಕಳನ್ನು ಒಪ್ಪಿಗೆಯಿಲ್ಲದೆ ರಾಜ್ಯದಾಚೆ ಕರೆದೊಯ್ಯುವಂತಿಲ್ಲ, ಇನ್ಶೂರೆನ್ಸ್ ರದ್ದು ಮಾಡುವಂತಿಲ್ಲ, ಆಸ್ತಿ ಸಾಗಿಸುವಂತಿಲ್ಲ. ಎಲ್ಲಕ್ಕೂ ಒಪ್ಪಿಗೆಯಿದ್ದರೂ ಸಮನ್ಸ್ ಮುಟ್ಟಿದ ದಿನದಿಂದ ಆರು ತಿಂಗಳು ಕಾಯಲೇಬೇಕು. ಅಂತಿಮ ತೀರ್ಪಿನೊಂದಿಗೆ ಎಚ್-4 ಸ್ಟೇಟಸ್ ಮುಗಿಯುತ್ತದೆ. ಬೇರೆ ವೀಸಾಕ್ಕೆ ಅರ್ಜಿ ಹಾಕುವುದು ಆ ಕಾಯುವ ಕಾಲದಲ್ಲೇ ಆಗಬೇಕು.

ಭಾರತದ ಕಡೆ ಒಂದು ಕೊಂಡಿ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಒಬ್ಬರು ಹಾಜರೂ ಆಗದೆ, ಒಪ್ಪಲೂ ಒಪ್ಪದೆ ಸಿಕ್ಕ ವಿದೇಶಿ ಡಿಕ್ರಿಯನ್ನು ಅಲ್ಲಿಯ ಕೋರ್ಟು ಮಾನ್ಯ ಮಾಡುವುದಿಲ್ಲ. 1991ರಲ್ಲಿ ನರಸಿಂಹ ರಾವ್ ಎಂಬವರ ಡೈವೋರ್ಸ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಹೇಳುವುದು ಇದನ್ನೇ. ಇಲ್ಲಿ ಡೈವೋರ್ಸಾದವರು ಅಲ್ಲಿ ಇನ್ನೂ ದಂಪತಿಗಳಾಗಿ ಉಳಿಯುವುದು ಹೀಗೆ. ಇಬ್ಬರೂ ಹಾಜರಾಗಿ, ಒಪ್ಪಿ ಸಹಿ ಹಾಕಿದ ತೀರ್ಪಾದರೆ ನೆಲೆ ಗಟ್ಟಿ. ಮೈಸೂರಿನ ಸೈಟನ್ನು ಇಲ್ಲಿಯ ಕೋರ್ಟು ಲೆಕ್ಕಕ್ಕೆ ಹಿಡಿಯಬಹುದು, ಆದರೆ ಆ ತೀರ್ಪು ತೋರಿಸಿದರೆ ಅಲ್ಲಿ ಹಕ್ಕು ತಾನಾಗಿ ವರ್ಗವಾಗದು. ಪ್ರಿನಪ್‌ಗೂ ಅಲ್ಲಿ ಇಂಥ ಬೆಲೆಯಿಲ್ಲ. ಯಾವ ರಾಜ್ಯದ ಕಾನೂನು ಅನ್ವಯಿಸಬೇಕು ಎಂಬ ಸಾಲನ್ನು ಒಪ್ಪಂದದಲ್ಲಿ ಸೇರಿಸಿ.

ಮಾಡಿಸುವುದಾದರೆ ಸೆಪ್ಟೆಂಬರಿನಲ್ಲೇ ಶುರು ಮಾಡಿ. ಹುಡುಗಿಗೂ ಕ್ಯಾಲಿಫೋರ್ನಿಯಾದ ಲಾಯರೇ ಬೇಕು. ವಿಡಿಯೋ ಕರೆಯಲ್ಲಿ ಮಾತಾಡಬಹುದು, ಫೀಸ್ ನೀವು ಕೊಟ್ಟರೂ ಆಯ್ಕೆ ಅವರದಾಗಿರಲಿ. ಕರಡು ಅಕ್ಟೋಬರಿನಲ್ಲಿ ಅವರ ಕೈಸೇರಿದರೆ, ನವೆಂಬರ್ ಮಧ್ಯದಲ್ಲಿ ಸಹಿ ಆಗಬಹುದು. ಅಷ್ಟರೊಳಗೆ ಮುಗಿಯದಿದ್ದರೆ ಛತ್ರದಲ್ಲಿ ಕೂತು ಸಹಿ ಹಾಕಿಸುವ ಬದಲು ಬಿಟ್ಟುಬಿಡಿ. ಮದುವೆಯಾದ ಮೇಲೂ ಒಪ್ಪಂದ ಮಾಡಿಕೊಳ್ಳಬಹುದು, ಆದರೆ ಆಗ ಗಂಡಹೆಂಡತಿಯ ನಡುವಿನ ನಂಬಿಕೆಯ ಹೊಣೆಗಾರಿಕೆ ಕಾನೂನಿನಲ್ಲೇ ಬರುವುದರಿಂದ ಕೋರ್ಟು ಇನ್ನೂ ಕಟುವಾಗಿ ಪರೀಕ್ಷಿಸುತ್ತದೆ.